ಕುಲ್ವಾ ಯಾವುದು, ದೊಟೊ ಯಾವುದು

ದೊಟೊ ಹುಟ್ಟಿದ್ದೇ ಎರಡನೆಯವನಾಗಿ. ಅವಳಿ ಮಕ್ಕಳಾದರೆ ಸುಕುಮಾ ಜನರ ಮನೆಗಳಲ್ಲಿ ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ; ಮೊದಲು ಬಂದದ್ದು ಕುಲ್ವಾ, ಆಮೇಲೆ ಬಂದದ್ದು ದೊಟೊ. ಸೂಲಗಿತ್ತಿ ಕುಲ್ವಾನನ್ನು ತೊಳೆದು, ತನ್ನ ಕೈಯನ್ನೂ ತೊಳೆದುಕೊಂಡು, ಚಹಾ ಕುಡಿಯಲು ಕೂತಿದ್ದಳಂತೆ. ಅಷ್ಟರಲ್ಲಿ ಇವನು. "ಅಯ್ಯೋ, ಇನ್ನೊಂದೂ ಇದೆಯಾ!" ಎಂದದ್ದೇ ಇವನು ಈ ಲೋಕದಲ್ಲಿ ಕೇಳಿದ ಮೊದಲ ಮಾತು ಎಂದು ಅವನ ಅಮ್ಮ ಹೇಳುತ್ತಾಳೆ. ಇಪ್ಪತ್ತಾರು ತುಂಬಿದರೂ ಆ ಮಾತಿನ ಗಲಿಬಿಲಿ ಅವನ ಮುಖದಿಂದ ಪೂರ್ತಿ ಇಳಿದಿಲ್ಲ.

ಶಾಲೆಯಲ್ಲಿ ಕುಲ್ವಾ ಕಿಟಕಿಯ ಗಾಜು ಒಡೆದರೆ ಮೇಷ್ಟ್ರು "ಆ ಅವಳಿಗಳಲ್ಲಿ ಒಬ್ಬನನ್ನ ಹಿಡ್ಕೊಂಡು ಬನ್ನಿ" ಎನ್ನುತ್ತಿದ್ದರು. ಕುಲ್ವಾ ಜೋರಾಗಿ ಓಡುತ್ತಿದ್ದ. ಆದ್ದರಿಂದ ಕೈಗೆ ಸಿಗುತ್ತಿದ್ದ ಒಬ್ಬ ಯಾವಾಗಲೂ ಇವನೇ. ವೃತ್ತಿ ಶಾಲೆಗೆ ಸೇರುವ ದಿನ ಎಲೆಕ್ಟ್ರಿಷಿಯನ್ ಆಗಬೇಕೆಂದು ಮೂರು ಗಂಟೆ ಸಾಲಿನಲ್ಲಿ ನಿಂತ. ಮೇಜಿನ ಹತ್ತಿರ ಬಂದಮೇಲೆ ಗೊತ್ತಾಯಿತು, ಅದು ಪೈಪ್ ಫಿಟ್ಟರ್‌ಗಳ ಸಾಲು. ಮತ್ತೊಂದು ಸಾಲಿಗೆ ಹೋಗಿ ನಿಲ್ಲಲು ಕಾಲಿನಲ್ಲಿ ಶಕ್ತಿ ಇರಲಿಲ್ಲ. ಹೀಗೆ ಅವನು ಪೈಪ್ ಫಿಟ್ಟರ್ ಆದ. ಯಾರಾದರೂ ಯಾಕೆ ಈ ಕಸುಬು ಎಂದು ಕೇಳಿದರೆ "ಚಿಕ್ಕಂದಿನಿಂದಲೂ ಆಸೆ" ಎನ್ನುತ್ತಾನೆ.

ಮ್ವಾಂಜಾ ಊರಿನಲ್ಲಿ, ಸರೋವರದ ದಂಡೆಯಲ್ಲಿರುವ ಸೋಪಿನ ಕಾರ್ಖಾನೆಯಲ್ಲಿ ಅವನಿಗೆ ಮೂರು ವರ್ಷದಿಂದ ದಿನಗೂಲಿ. ಕೆಲಸವೆಲ್ಲ ಫುಂಡಿಯದು, ಹೆಸರು ಮಾತ್ರ ಕೂಲಿಯದು. ಫುಂಡಿ ಎಂದರೆ ಕೈಯಲ್ಲಿ ಕಸುಬಿರುವವನು. ಆ ಹೆಸರಿನಿಂದ ಕರೆದರೆ ಬೀದಿಯ ಚಪಾತಿ ಮಾರುವವಳೂ ಒಂದು ಕ್ಷಣ ಗೌರವದಿಂದ ನೋಡುತ್ತಾಳೆ. ಈ ವರ್ಷ ಆ ಹೆಸರು ಕಾಗದದ ಮೇಲೆ ಬರುವ ಲಕ್ಷಣ ಕಂಡಿತ್ತು. ಇಂಜಿನಿಯರ್ ಕಬುಲಾ ಸ್ವತಃ ಹೇಳಿದ್ದಳು: "ಹೊಸ ಪೈಪಿಗೆ ಶನಿವಾರ ಹಬೆ ಬಿಡ್ತೀವಿ. ಏನೂ ಆಗದೆ ನಿಂತ್ರೆ, ಅದರ ಕಾಗದದ ಮೇಲೆ ಫಿಟ್ಟರ್ ಅಂತ ನೀನೇ ಸಹಿ ಹಾಕು. ಸೋಮವಾರ ನಿನ್ನ ಕಾಯಂ ಪತ್ರಕ್ಕೆ ನಾನು ಸಹಿ ಹಾಕ್ತೀನಿ."

ಬಾಯ್ಲರ್ ಮನೆಯಿಂದ ಸೋಪು ಕುದಿಸುವ ಕಡಾಯಿಗಳವರೆಗೆ ಮೂವತ್ತು ಮೀಟರ್ ಪೈಪು. ಹಳೆಯದು ನಡುವೆ ಒಮ್ಮೆ ಅಡ್ಡ ತಿರುಗಿ, ಬಾಗಿಲ ಚೌಕಟ್ಟಿನಂತೆ ಸುತ್ತು ಹಾಕಿ ಮತ್ತೆ ನೇರವಾಗುತ್ತಿತ್ತು. ಬಿಸಿಯಾದಾಗ ಕಬ್ಬಿಣ ಉದ್ದವಾಗುತ್ತದಲ್ಲ, ಆ ಉದ್ದ ಈ ಸುತ್ತಿನಲ್ಲಿ ಅಡಗುತ್ತಿತ್ತು. ಈಗ ಅಂಗಳದಲ್ಲಿ ಹೊಸ ಗೋದಾಮು ಬಂದು ಆ ಸುತ್ತು ಹಾಕಲು ಜಾಗವಿಲ್ಲದಾಯಿತು. ಕಬುಲಾ ಲೆಕ್ಕ ಹಾಕಿದಳು: ಹಬೆ ತುಂಬಿದರೆ ಈ ಪೈಪು ಐವತ್ತನಾಲ್ಕು ಮಿಲಿಮೀಟರ್, ಅಂದರೆ ಮೂರು ಬೆರಳಗಲ ಬೆಳೆಯುತ್ತದೆ. ಎರಡು ತುದಿಗಳನ್ನೂ ಕಾಂಕ್ರೀಟ್ ಗಡ್ಡೆಗೆ ಬಿಗಿದು, ನಡುವೆ ಒಂದು ಬೆಲ್ಲೋಸ್ ಕೂರಿಸಿದರೆ ಆ ಮೂರು ಬೆರಳನ್ನು ಅದೇ ನುಂಗಿಕೊಳ್ಳುತ್ತದೆ. ಬೆಲ್ಲೋಸ್ ಎಂದರೆ ತೆಳು ಉಕ್ಕಿನ ನೆರಿಗೆ ನೆರಿಗೆಯ ಕೊಳವೆ. ಹಾರ್ಮೋನಿಯಮ್ಮಿನ ಹಾಗೆ ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಹಿಗ್ಗುತ್ತದೆ.

ಅದು ಪೆಟ್ಟಿಗೆಯಲ್ಲಿ ಬಂದಾಗ ಅದರ ಸುತ್ತ ನಾಲ್ಕು ಸರಳುಗಳಿದ್ದವು. ಒಂದೇ ದಪ್ಪ, ಒಂದೇ ಉದ್ದ. ಎದುರುಬದುರಾಗಿ ಎರಡಕ್ಕೆ ಹಳದಿ ಬಣ್ಣ, ಉಳಿದೆರಡು ಬೋಳು ಕಬ್ಬಿಣ. ಹಿರಿಯ ಫುಂಡಿ ಲುಹೆಂಡೆ ಮುದುಕ ಅವನ್ನು ಬೆರಳಿನಿಂದ ಬಡಿದು ಹೇಳಿದ್ದ: "ನೋಡಪ್ಪಾ, ಇವು ಕುಲ್ವಾ, ಇವು ದೊಟೊ. ಒಂದು ಜೋಡಿ ದಾರೀಲಿ ನೆರಿಗೆ ಅಲುಗಾಡದ ಹಾಗೆ ಹಿಡಿಯೋಕೆ, ಪೈಪಿಗೆ ಕೂರಿಸಿದ ಮೇಲೆ ಕಿತ್ತು ಬಿಸಾಡ್ಬೇಕು. ಇನ್ನೊಂದು ಜೋಡಿ ಸಾಯೋವರೆಗೂ ಇರ್ಬೇಕು. ಗಡ್ಡೆ ಗಿಡ್ಡೆ ಜರುಗಿದ್ರೆ ನೆರಿಗೆ ಹರಿದು ಬಾಯಿ ಬಿಡದ ಹಾಗೆ ತಡೆಯೋದು ಅವೇ." ಯಾವುದಕ್ಕೆ ಯಾವ ಹೆಸರು ಎಂದು ಆಗ ದೊಟೊ ಗಮನಿಸಲಿಲ್ಲ. ತನ್ನ ಹೆಸರು ಕಿವಿಗೆ ಬಿದ್ದದ್ದರಿಂದ, ತನ್ನನ್ನೇ ಏನೋ ಕೆಲಸಕ್ಕೆ ಕರೆದರೆಂದು ಆ ಕಡೆ ಈ ಕಡೆ ನೋಡುತ್ತಿದ್ದ.

ಮರುದಿನ ಲುಹೆಂಡೆಯ ಅಕ್ಕ ತೀರಿಕೊಂಡಳು. ಮುದುಕ ದೋಣಿ ಹತ್ತಿ ಉಕೆರೆವೆ ದ್ವೀಪಕ್ಕೆ ಮಣ್ಣಿಗೆ ಹೋದ. ಬೆಲ್ಲೋಸನ್ನು ಕೂರಿಸಿದವನು ದೊಟೊ.

ಚೆನ್ನಾಗಿಯೇ ಕೂರಿಸಿದ. ಪೈಪಿನ ಎರಡು ಬಾಯಿಗಳೂ ಕೂದಲೆಳೆ ತಪ್ಪದೆ ಎದುರು ಬಂದವು. ಬೋಲ್ಟುಗಳೆಲ್ಲ ಬಿಗಿಯಾದವು. ಇಳಿಯುವ ಮೊದಲು ಒಂದು ಸಲ ಸರಳುಗಳ ನಟ್ಟುಗಳನ್ನೂ ಮುಟ್ಟಿ ನೋಡಿದ. ಎರಡು ಸರಳುಗಳ ನಟ್ಟು ಸಡಿಲ! ಸಡಿಲವೆಂದರೆ ಎರಡು ತುದಿಯಲ್ಲೂ ಎರಡೆರಡು ಬೆರಳು ತೂರುವಷ್ಟು. ಯಾವನೋ ಸೋಮಾರಿ ಮಾಡಿದ ಕೆಲಸವೆಂದು ಗೊಣಗಿಕೊಂಡು, ಒಳಗಿನದೂ ಹೊರಗಿನದೂ ಎಲ್ಲವನ್ನೂ ಉಸಿರು ಬಿಗಿಹಿಡಿದು ಬಿಗಿ ಮಾಡಿದ. ಆ ಸಂಜೆ ಮೆಕ್ಕೆಜೋಳದ ಮುದ್ದೆ ಉಗಾಲಿಯ ಜೊತೆ ಎರಡು ಪಾಲು ಸಣ್ಣ ಮೀನು ಹಾಕಿಸಿಕೊಂಡು ತಿಂದ. ದುಡಿದ ಮೈಗೆ ಅಷ್ಟು ಹಕ್ಕಿದೆ ಎನಿಸಿತ್ತು.

ಇದಾದ ಎರಡು ದಿನಕ್ಕೆ ಕಾರ್ಖಾನೆಯ ಯಜಮಾನರು ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಬಣ್ಣದ ಬುಂಡಾಲಾಗೆ ಹೊಸ ಪೈಪು ಬೆಳ್ಳಿಯಂತೆ ಹೊಳೆಯಬೇಕೆಂದು ಅಪ್ಪಣೆ. ಬುಂಡಾಲಾ ಬರೀ ಬಳಿಯುವವನಲ್ಲ. ನಾಲ್ಕೂ ಸರಳುಗಳನ್ನು ಮರಳು ಕಾಗದದಿಂದ ಬೋಳು ಕಬ್ಬಿಣದವರೆಗೆ ಉಜ್ಜಿ, ಮೇಲೆ ಕೆಂಪು ತಳಬಣ್ಣ ಕೊಟ್ಟು, ಆಮೇಲೆ ಎರಡು ಕೈ ಬೆಳ್ಳಿ ಬಣ್ಣ ಹೊಡೆದ. ಆ ಕಾರ್ಖಾನೆಯಲ್ಲಿ ಶ್ರದ್ಧೆಯಿಂದ ಆದಷ್ಟು ಹಾನಿ ಸೋಮಾರಿತನದಿಂದ ಎಂದೂ ಆಗಿಲ್ಲ.

ಗುರುವಾರ ಬೆಳಿಗ್ಗೆ ಕಬುಲಾ ಏಣಿ ಹತ್ತಿ ನೋಡಿ, ಇಳಿದು, ಮತ್ತೆ ಹತ್ತಿದಳು.

"ಹಳದಿದು ತೆಗೀಬೇಕು ಅಂತ ಪೆಟ್ಟಿಗೆ ಜೊತೆ ಬಂದ ಕಾಗದದಲ್ಲಿ ಬರೆದಿದೆ. ಹಳದಿ ಎಲ್ಲಪ್ಪಾ?"

"ಬೆಳ್ಳಿ ಬಣ್ಣದ ಒಳಗಿದೆ ಮೇಡಂ," ಎಂದ ಬುಂಡಾಲಾ ಮೊದಲು. ಆಮೇಲೆ ನೆನಪಾಗಿ, "ಇಲ್ಲ, ಇಲ್ಲ. ನಾನು ಪೂರ್ತಿ ಉಜ್ಜಿ ತೆಗ್ದಿದೀನಿ, ಯಾವುದರ ಮೇಲಿತ್ತೋ ನೆನಪಿಲ್ಲ. ಒಂದು ಚುಕ್ಕೆ ಹಳದಿ ಸಿಕ್ರೆ ನನ್ನ ಹೆಸರು ಬದಲಾಯಿಸಿ."

ಲುಹೆಂಡೆಗೆ ಫೋನು ಮಾಡಿದರು. ದ್ವೀಪದಲ್ಲಿ ಸಿಗ್ನಲ್ ಸಿಗಬೇಕಾದರೆ ಬಂಡೆ ಹತ್ತಬೇಕು. ಮುದುಕ ಹತ್ತಿದ್ದ ಅಂತ ಕಾಣುತ್ತದೆ, ಗಾಳಿಯ ಸದ್ದೇ ಮಾತಿಗಿಂತ ಜಾಸ್ತಿ. ಫೋನು ಹಿಡಿದವನು ದೊಟೊ.

"ಶಿಕಾಮೂ, ಮುತ್ಯಾ!" ಎಂದು ಹಿರಿಯರಿಗೆ ಮಾಡುವ ನಮಸ್ಕಾರ ಮಾಡಿದ.

"ಮರಹಬಾ. ಏನೋ?"

"ಬೆಲ್ಲೋಸ್ ವಿಷಯ!"

"ಕುಲ್ವಾ ತೆಗೀರಿ! ದೊಟೊ ಇರ್ಲಿ! ಕೇಳಿಸ್ತಾ? ದೊಟೊ ಕಾಯಂ!"

ದೊಟೊನ ಕಣ್ಣು ತುಂಬಿ ಬಂತು. "ನಿಮ್ಮ ಆಶೀರ್ವಾದ ಮುತ್ಯಾ. ನಿಮ್ಮ ಋಣ ತೀರ್ಸೋಕಾಗಲ್ಲ," ಎಂದ. ಫೋನು ಕಡಿದುಹೋಯಿತು.

"ಏನಂದ್ರು?" ಎಂದಳು ಕಬುಲಾ.

"ನನ್ನನ್ನ ಕಾಯಂ ಮಾಡಿ ಅಂದ್ರು ಮೇಡಂ."

ಕಬುಲಾ ಕಾಗದವನ್ನು ಮಡಚಿ ಜೇಬಿಗಿಟ್ಟಳು. "ಅಕ್ಕನ ಮಣ್ಣಿಗೆ ಹೋದ ಮುದುಕ ಬಂಡೆ ಹತ್ತಿ ನಿನ್ನ ನೌಕರಿ ಮಾತಾಡಿದ್ರಾ? ಅವರಂದ ಮಾತನ್ನ ಹಾಗೇ ಹೇಳು."

ಹೇಳಿದ. ಹೇಳುತ್ತ ಹೇಳುತ್ತ ಅರ್ಥವಾಯಿತು. ಕಿವಿ ಬಿಸಿಯಾಯಿತು.

"ಸರಿ. ಹಾಗಾದ್ರೆ ಕುಲ್ವಾ ಯಾವುದು?"

"ಮೊದಲು ಬಂದಿದ್ದು ಕುಲ್ವಾ," ಎಂದ ಬುಂಡಾಲಾ. "ಇದು ಯಾರಿಗೆ ಗೊತ್ತಿಲ್ಲ?"

"ಮೊದಲು ಬರೋದು ಅಂದ್ರೆ? ನಾಲ್ಕೂ ಒಂದೇ ಪೆಟ್ಟಿಗೇಲಿ ಬಂದ್ವು."

"ಅಲ್ಲ ಮೇಡಂ," ಎಂದ ದೊಟೊ. ಅವಳಿಗಳ ವಿಷಯದಲ್ಲಾದರೂ ತನಗೆ ಒಂದಿಷ್ಟು ಅನುಭವವಿದೆ ಎಂಬ ಧೈರ್ಯ. "ಮೊದಲು ಬರೋದು ಅಂದ್ರೆ ಮೊದಲು ಹೊರಗೆ ಬರೋದು. ಕುಲ್ವಾ ಹೊರಗೆ ಬರುತ್ತೆ, ದೊಟೊ ಒಳಗೇ ಉಳಿಯುತ್ತೆ. ಅದಕ್ಕೇ ಮುತ್ಯಾ ಆ ಹೆಸರಿಟ್ಟಿರೋದು."

"ಭೇಷ್. ಹಾಗಾದ್ರೆ ಯಾವುದನ್ನ ತೆಗೀಬೇಕು?"

"ಕುಲ್ವಾನ."

"ಕುಲ್ವಾ ಯಾವುದು?"

"ತೆಗೆಯೋದು."

ಮೂವರೂ ತಲೆಯೆತ್ತಿ ಮೇಲೆ ನೋಡಿದರು. ಪೈಪು ಬೆಳ್ಳಿಯಂತೆ ಹೊಳೆಯುತ್ತಿತ್ತು. ಮತ್ತೆ ಫೋನು ಮಾಡಿದರೆ ಮುದುಕ ಬಂಡೆಯಿಂದ ಇಳಿದಾಗಿತ್ತು. ಆ ದಿನವೂ ಮರುದಿನವೂ ಗಂಟೆಗೊಮ್ಮೆ ಮಾಡಿದರು, ಸಿಗಲಿಲ್ಲ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಕಬುಲಾ ನಕ್ಷೆಯನ್ನು ಹಿಡಿದು ಬಂದಳು. ಅವಳ ಮುಖದಲ್ಲಿ ಗೊಂದಲ ತೀರಿದವರ ನಿರಾಳ. "ನೋಡು. ಉಳಿಯೋ ಸರಳಿನ ನಟ್ಟು ಸಡಿಲ ಇರ್ಬೇಕು, ಎರಡು ತುದೀಲೂ ಎರಡೆರಡು ಬೆರಳು ಜಾಗ ಬಿಟ್ಟು. ನೆರಿಗೆ ಆಡೋಕೆ ಆ ಜಾಗ. ಆದ್ರೆ ಇಲ್ಲಿ ನಾಲ್ಕೂ ಬಿಗಿ. ಅಂದ್ರೆ ಕಳಿಸಿದವರು ತಪ್ಪು ಮಾಡಿದಾರೆ, ನಾಲ್ಕೂ ದಾರಿಯ ಸರಳೇ. ಲುಹೆಂಡೆ ಮುದುಕರು ಬೇರೆ ಯಾವುದೋ ಕಾರ್ಖಾನೇಲಿ ನೋಡಿದ್ದನ್ನ ಹೇಳ್ತಿದಾರೆ. ನಾಲ್ಕನ್ನೂ ತೆಗೆದುಬಿಡು. ಗಡ್ಡೆ ಗಟ್ಟಿಯಿದೆ, ಸಾಕು."

ದೊಟೊ ತನ್ನ ಎರಡು ಬೆರಳು ನೋಡಿಕೊಂಡ. ಎರಡು ಬೆರಳು ಜಾಗ. ಸೋಮಾರಿಯ ಕೆಲಸವೆಂದು ಅವನು ಬೈದುಕೊಂಡು ಮುಚ್ಚಿದ್ದ ಜಾಗ. ಇಡೀ ಕಾರ್ಖಾನೆಯಲ್ಲಿ ನಟ್ಟು ಸಡಿಲ ಇದ್ದುದನ್ನು ಕಂಡವನು ಅವನೊಬ್ಬನೇ.

"ಆಯ್ತು ಮೇಡಂ," ಎಂದ. ಬಾಯಿ ತನ್ನಷ್ಟಕ್ಕೆ ತಾನೇ ಹೇಳಿತು.

ಸ್ಪ್ಯಾನರ್ ಹಿಡಿದು ಅಟ್ಟಣಿಗೆ ಹತ್ತಿ ಕೂತ. ನಾಲ್ಕನ್ನೂ ತೆಗೆದರೂ ಬಹುಶಃ ಏನೂ ಆಗದು. ಗಡ್ಡೆ ಗಟ್ಟಿಯೇ ಇರಬಹುದು. ಹತ್ತು ವರ್ಷ ಗಟ್ಟಿಯಾಗಿಯೇ ಇರಬಹುದು. ನಾಳೆ ಸಹಿ, ಸೋಮವಾರ ಪತ್ರ. ಬಾಯಿ ಬಿಟ್ಟರೆ? 'ಸಡಿಲ ಇದ್ದದ್ದನ್ನು ಬಿಗಿ ಮಾಡಿದ ಫಿಟ್ಟರ್' ಎಂಬ ಹೆಸರು ಕಾಯಂ ಆಗುತ್ತದೆ, ನೌಕರಿಯಲ್ಲ. ಕಾಂಕ್ರೀಟ್ ಸುರಿದು ಮೂರೇ ವಾರ ಎಂಬುದೂ ನೆನಪಾಯಿತು. ಆ ಗಡ್ಡೆ ಒಂದಿಷ್ಟು ವಾಲಿದರೂ ಹಬೆ ನೆರಿಗೆಯನ್ನು ಎಳೆದು ಹರಿದುಹಾಕುತ್ತದೆ. ತಡೆಯಲು ಸರಳೇ ಇರುವುದಿಲ್ಲ. ಬೆಲ್ಲೋಸಿನ ನೇರ ಕೆಳಗೆ ಎಂಟು ಹೆಂಗಸರು ನೆರಳಿಗೆಂದು ಕೂತು ಸೋಪಿಗೆ ಕಾಗದ ಸುತ್ತುತ್ತಿದ್ದರು.

"ಏನು ಮಗಾ, ಮೇಲೆ ಮೊಟ್ಟೆ ಇಡ್ತಿದೀಯಾ?" ಎಂದು ಕೂಗಿದಳು ಮಾಮಾ ಶೀದಾ. ಸುತ್ತುವವರಲ್ಲಿ ಹಿರಿಯಳು, ಅದಕ್ಕೇ ಎಲ್ಲರಿಗೂ ಮಾಮಾ, ಅಂದರೆ ಅಮ್ಮ; ಬಾಯಿಯೂ ದೊಡ್ಡದು. "ಅರ್ಧ ಗಂಟೆ ಆಯ್ತು ಕೂತು. ಕಾವು ಸಾಲ್ದಿದ್ರೆ ಹೇಳು, ಮಿಂಜಾನ ಕಳಿಸ್ತೀನಿ."

"ನಾನ್ಯಾಕೆ ಹೋಗ್ಲಿ, ಅವನಿಗೆ ತಾನು ಕುಲ್ವಾನಾ ದೊಟೊನಾ ಅಂತಾನೇ ಗೊತ್ತಿಲ್ವಂತೆ," ಎಂದಳು ಕೊನೆಯಲ್ಲಿ ಕೂತಿದ್ದ ಮಿಂಜಾ. ಎಂಟೂ ಜನ ನಕ್ಕರು.

ದೊಟೊ ಇಳಿದ. ನೇರ ಕಬುಲಾಳ ಕೋಣೆಗೆ ಹೋಗಿ, ಕುರ್ಚಿ ತೋರಿಸಿದರೂ ಕೂರದೆ ಹೇಳಿದ.

"ಮೇಡಂ, ಎರಡರ ನಟ್ಟು ಸಡಿಲ ಇತ್ತು. ನಾನೇ ಬಿಗಿ ಮಾಡಿದೆ."

ಕಬುಲಾ ಪೆನ್ನು ಕೆಳಗಿಟ್ಟಳು. "ಯಾಕೆ?"

"ಒಳ್ಳೇದಾಗ್ಲಿ ಅಂತ."

"ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿನ್ನೆ ನನಗೆ ಅದು ತಪ್ಪು ಅಂತ ಗೊತ್ತಿರ್ಲಿಲ್ಲ. ಇವತ್ತು ಗೊತ್ತಾಯ್ತು. ಗೊತ್ತಾದ ಮೇಲೆ ಅರ್ಧ ಗಂಟೆ ಹೇಳ್ಬಾರ್ದು ಅಂದ್ಕೊಂಡೆ, ಅದೂ ನಿಜ."

ಅವಳು ಕೂಗಾಡುತ್ತಾಳೆ ಎಂದುಕೊಂಡಿದ್ದ. ಕೂಗಾಡಲಿಲ್ಲ. ಅದರಿಂದ ಅವನಿಗೆ ಇನ್ನೂ ಭಯವಾಯಿತು. "ಯಾವ ಎರಡು?" ಎಂದಳು.

ಅದೇ ಈಗ ಕಷ್ಟ. ಮೇಲಿನದೂ ಕೆಳಗಿನದೂ ಸೇರಿದ ಜೋಡಿಯೋ, ಸರೋವರದ ಕಡೆಯದೂ ಗುಡ್ಡದ ಕಡೆಯದೂ ಸೇರಿದ ಜೋಡಿಯೋ? ಕಣ್ಣು ಮುಚ್ಚಿದರೆ ಕಾಣುವುದು ನಟ್ಟು ಮಾತ್ರ, ಜೊತೆಗೆ ಆ ಸಂಜೆಯ ಮೀನು. ತಪ್ಪು ಒಪ್ಪಿಕೊಂಡರೂ ಯಾವ ತಪ್ಪೆಂದು ಹೇಳಲಾಗದ ಸ್ಥಿತಿ. ಇಬ್ಬರೂ ಅಂಗಳಕ್ಕೆ ಬಂದರು. ದೊಟೊ ಹೆಂಗಸರ ಮುಂದೆ ನಿಂತು, ಮರ್ಯಾದೆ ಹೇಗೂ ಹೋಗಿದೆ ಎಂದುಕೊಂಡು ಕೇಳಿದ.

"ಮಾಮಾ ಶೀದಾ, ಇದನ್ನ ಕೂರಿಸಿದ ದಿನ ಕೊನೇಲಿ ನಾನು ಯಾವ ಕಡೆ ಕೆಲಸ ಮಾಡ್ತಿದ್ದೆ? ನೋಡಿದ್ರಾ?"

"ನೋಡದೆ? ನಿನ್ನ ಸ್ಪ್ಯಾನರ್ ನನ್ನ ಸೋಪಿನ ಬುಟ್ಟಿಗೆ ಬಿತ್ತಲ್ಲ! ಹನ್ನೆರಡು ಸೋಪು ಪುಡಿ. ನೀನು ಮೇಲಿಂದ 'ಯಾರಿಗೂ ಬೀಳ್ಲಿಲ್ವಲ್ಲ' ಅಂತ ಕೇಳ್ದೆ, ನಾನು 'ಬಿದ್ದಿದ್ರೆ ಉತ್ತರ ಕೊಡೋಕೆ ಇರ್ತಿದ್ನಾ ಪೆದ್ದ' ಅಂದೆ."

"ಆಗ ನಾನು ಯಾವ ಸರಳು ಹಿಡಿದಿದ್ದೆ?"

"ಸರೋವರದ ಕಡೇದು," ಎಂದಳು ಮಿಂಜಾ. "ನನ್ನ ಕಣ್ಣಿಗೆ ಬಿಸಿಲು ಹೊಡೀತಿತ್ತು, ನಿನ್ನ ನೆರಳು ಅಡ್ಡ ಬಂತು."

"ಕೆಳಗಿಂದು," ಎಂದಳು ಮಾಮಾ ಶೀದಾ. "ಮಲಗಿಕೊಂಡು ಕೈ ಕೆಳಗೆ ಬಿಟ್ಟಿದ್ದ, ಬಾವಿಯಿಂದ ನೀರು ಸೇದೋರ ಹಾಗೆ."

"ಸರೋವರದ ಕಡೆ!"

"ಹುಡುಗೀ, ನಿನಗೆ ಬಿಸಿಲು ಹೊಡೀತಿದ್ರೆ ಕಣ್ಣು ಮುಚ್ಚಿರ್ತೀಯ. ಏನು ನೋಡಿದೆ?"

ಎಂಟು ಜನ ಎರಡು ಪಕ್ಷವಾದರು. ಒಬ್ಬಳು ಅವತ್ತು ತಾನು ರಜೆ ಹಾಕಿದ್ದೆ ಎಂದು ಹೇಳಿಯೂ ಮಿಂಜಾಳ ಪರ ಸಾಕ್ಷಿ ನುಡಿದಳು. ಕಬುಲಾ ಮೇಲೆ ನೋಡುತ್ತಿದ್ದಳು. ಬೆಲ್ಲೋಸಿನ ಕೆಳಗೆ ಅಟ್ಟಣಿಗೆಯ ಎರಡು ಹಲಗೆಗಳು. ನಡುವೆ ಒಂದು ಗೇಣು ಸಂದು.

"ಬುಟ್ಟಿ ಎಲ್ಲಿತ್ತು?" ಎಂದಳು.

"ಇಲ್ಲೇ, ಯಾವಾಗ್ಲೂ ಇಲ್ಲೇ."

ಸಂದಿನ ನೇರ ಕೆಳಗೆ. ಪಕ್ಕದ ಸರಳಿನಿಂದ ಜಾರಿದ ಸ್ಪ್ಯಾನರ್ ಹಲಗೆಯ ಮೇಲೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ನಡುವಿನ ಸಂದಿನಿಂದ ಬೀಳಬೇಕಾದರೆ ಕೈ ಪೈಪಿನ ಕೆಳಗೇ ಇರಬೇಕು. ಹಾಗಾದರೆ ಸಡಿಲವಿದ್ದದ್ದು ಕೆಳಗಿನದು, ಮತ್ತು ಅದರ ಜೋಡಿಯಾದ ನೇರ ಮೇಲಿನದು.

ಕಬುಲಾಳೇ ಅಟ್ಟಣಿಗೆ ಹತ್ತಿ, ಕೆಳಗಿನ ಸರಳನ್ನು ಸೀಮೆಎಣ್ಣೆ ಬಟ್ಟೆಯಿಂದ ಉಜ್ಜಿದಳು. ಬಣ್ಣ ಕರಗಿದಂತೆ, ನಟ್ಟಿನಿಂದ ಎರಡು ಬೆರಳು ಆಚೆ, ತಿರುಪಿನ ಮೇಲೆ ಸಾಸಿವೆಯಷ್ಟು ಒಂದು ಗುಂಡಿ ಕಂಡಿತು. ನಟ್ಟು ಇಲ್ಲಿ ನಿಲ್ಲಬೇಕೆಂದು ತಯಾರಿಸಿದವರು ಕುಟ್ಟಿದ್ದ ಗುರುತು. ಮೇಲಿನ ಸರಳಿನಲ್ಲೂ ಇತ್ತು. ಪಕ್ಕದ ಎರಡನ್ನು ಎಷ್ಟು ಉಜ್ಜಿದರೂ ಏನೂ ಇರಲಿಲ್ಲ.

"ಮೊದಲೇ ಇದನ್ನ ಹುಡುಕಬಹುದಿತ್ತಲ್ಲ ಮೇಡಂ?" ಎಂದುಬಿಟ್ಟ ದೊಟೊ.

"ನಟ್ಟು ಜರುಗಿದೆ ಅಂತ ನೀನು ಹೇಳದೆ, ನಾನು ಗುರುತು ಯಾಕೋ ಹುಡುಕ್ಲಿ? ಏಣಿ ಹಿಡ್ಕೋ. ಮಾತಾಡ್ಬೇಡ."

ಸಂಜೆಯೊಳಗೆ ಪಕ್ಕದ ಎರಡು ಸರಳು ಕೆಳಗಿಳಿದವು. ಮೇಲಿನದರ, ಕೆಳಗಿನದರ ನಟ್ಟುಗಳು ತಮ್ಮ ಗುರುತಿಗೆ ಹಿಂದಿರುಗಿದವು. ದೊಟೊ ಎರಡು ಬೆರಳನ್ನು ಆ ಜಾಗದಲ್ಲಿ ತೂರಿಸಿ ನೋಡಿದ, ಮೂರು ಸಲ.

ಶನಿವಾರ ಬೆಳಿಗ್ಗೆ ಹೆಂಗಸರನ್ನು ಗೋದಾಮಿನ ಆಚೆ ಕೂರಿಸಿ, ಹಬೆಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟರು. ಪೈಪು ಮೊದಲು ಟಿಕ್ ಟಿಕ್ ಎಂದಿತು, ಆಮೇಲೆ ಹೊಟ್ಟೆ ಕೆಟ್ಟವರಂತೆ ಗುಡುಗಿತು. ದೊಟೊ ಅಳತೆಪಟ್ಟಿ ಹಿಡಿದು ನೆರಿಗೆಯ ಪಕ್ಕ ನಿಂತಿದ್ದ. ಕಣ್ಣಿಗೆ ಏನೂ ಅಲುಗಾಡಿದಂತೆ ಕಾಣಲಿಲ್ಲ, ಆದರೆ ಪಟ್ಟಿ ನೋಡಿದರೆ ಹತ್ತು. ಮತ್ತೆ ನೋಡಿದರೆ ಇಪ್ಪತ್ತೈದು. ಇಷ್ಟು ದೊಡ್ಡ ಕಬ್ಬಿಣ ತನ್ನ ಕಣ್ಣೆದುರೇ ಬೆಳೆಯುತ್ತಿದೆ, ಬೆಳೆಯುವುದನ್ನು ಮಾತ್ರ ತೋರಿಸುತ್ತಿಲ್ಲ. ಒಂದು ಗಂಟೆಗೆ ಐವತ್ತೆರಡಕ್ಕೆ ಬಂದು ನಿಂತಿತು.

"ಎಷ್ಟು?" ಎಂದು ಕಬುಲಾ ಕೆಳಗಿನಿಂದ ಕೂಗಿದಳು.

ಲೆಕ್ಕ ಐವತ್ತನಾಲ್ಕು. ಉಳಿದೆರಡು ಎಲ್ಲಿ ಹೋಯಿತು? ಐವತ್ತನಾಲ್ಕು ಎಂದು ಬಿಟ್ಟರೆ ಎಲ್ಲರಿಗೂ ಸುಲಭ ಎನಿಸಿತು. ಆದರೆ ಅವನಿಗೆ ತನ್ನ ಬಾಯಿಯ ಮೇಲೆ ನಂಬಿಕೆ ಹೋಗಿತ್ತು. ಪಟ್ಟಿಯನ್ನೇ ಬಗ್ಗಿ ಓದಿದ. "ಐವತ್ತೆರಡು!"

"ಖಂಡಿತಾ?"

"ಖಂಡಿತಾ ಅಂತ ಹೇಳೋಕಾಗಲ್ಲ. ಆದ್ರೆ ಪಟ್ಟೀಲಿ ಐವತ್ತೆರಡು."

"ಬರಿ," ಎಂದಳು. "ಇವತ್ತು ಗಾಳಿಯಿದೆ, ಪೈಪು ಪೂರ್ತಿ ಕಾದಿಲ್ಲ." ಕಾಗದದಲ್ಲಿ ಫಿಟ್ಟರ್ ಎಂಬ ಜಾಗದಲ್ಲಿ ಅವಳೇ ಸಹಿ ಹಾಕಿದಳು. "ಪತ್ರ ಮೂರು ತಿಂಗಳು ನನ್ನ ಮೇಜಿನೊಳಗೇ ಇರುತ್ತೆ. ನೀನು ಬಿಗಿ ಮಾಡಿದ್ದಕ್ಕಲ್ಲ. ಆ ಅರ್ಧ ಗಂಟೆಗೆ. ಆದ್ರೆ ಈ ಪೈಪು ಇವತ್ತಿಂದ ನಿನ್ನದು. ದಿನಾ ಬೆಳಿಗ್ಗೆ ನೋಡಿ ನನಗೆ ಹೇಳ್ಬೇಕು." ಇದು ಬೈಗುಳವೋ ಬಡ್ತಿಯೋ ದೊಟೊಗೆ ತಿಳಿಯಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಎರಡೂ ರೀತಿ ಹೇಳಿಕೊಂಡು ನೋಡಿದ, ಎರಡೂ ಸರಿಹೊಂದುತ್ತಿತ್ತು.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಮುಂದೆ ಎಂದಿನಂತೆ ಎರಡು ಗೇಟು: ದೊಡ್ಡದು ಕಾಯಂ ಜನಕ್ಕೆ, ಚಿಕ್ಕದು ದಿನಗೂಲಿಯವರ ಸಾಲಿಗೆ. ಎರಡರ ನಡುವಿನ ಬೇವಿನ ಮರದ ಹತ್ತಿರ ನಿಂತಿದ್ದ ದೊಟೊನನ್ನು ಕಾವಲುಗಾರ ಮಚಿಬ್ಯಾ ನೋಡಿದ.

"ಏನಯ್ಯಾ, ನೀನು ಕಾಯಮ್ಮೋ ಕೂಲಿಯೋ?"

"ಪತ್ರ ಬಂದಿಲ್ಲ. ಪೈಪು ನನ್ನದು ಅಂದಿದಾರೆ."

"ಪೈಪಿಗೆ ಗೇಟಿಲ್ಲ. ಸಾಲಿಗೆ ಹೋಗು."

ಸಾಲಿನ ಕೊನೆಗೆ ಹೋದ. ಅಂದು ಸಾಲು ಉದ್ದವಿತ್ತು, ಮುಂದೆ ಸರಿಯುತ್ತಲೂ ಇರಲಿಲ್ಲ. ಸಾಲಿನ ಮುಂತುದಿಯಲ್ಲಿ ಎಂಟು ಹೆಂಗಸರು ಗೇಟಿಗೆ ಅಡ್ಡ ನಿಂತು ಮಚಿಬ್ಯಾನ ಜೊತೆ ಜಗಳವಾಡುತ್ತಿದ್ದರು.

"ಒಳಗೆ ಹೋಗ್ರಮ್ಮಾ, ಹೊತ್ತಾಯ್ತು!"

"ಹೋಗಲ್ಲ," ಎಂದಳು ಮಾಮಾ ಶೀದಾ. "ನಾವು ಕೂರೋದು ಆ ಪೈಪಿನ ಕೆಳಗೆ. ಅದನ್ನ ಅವನು ಹತ್ತಿ ನೋಡ್ಬೇಕು, ಬೆರಳು ತೂರಿಸಿ ಸರಿಯಿದೆ ಅನ್ಬೇಕು. ಆಮೇಲೆ ನಾವು."

"ಬೇರೆ ಯಾರನ್ನಾದ್ರೂ ಕಳಿಸ್ತೀನಿ."

"ಬೇರೆಯವರು ಚೆನ್ನಾಗಿದೆ ಅಂತಾರೆ. ಅವನು ಮಾತ್ರ ಗೊತ್ತಿಲ್ಲ ಅಂತಾನೆ, ಮತ್ತೆ ನೋಡ್ತಾನೆ. ಎಲ್ಲಿ ಅವನು? ಏ ಫುಂಡಿ!"

ಸಾಲಿನಲ್ಲಿದ್ದವರೆಲ್ಲ ಹಿಂದೆ ತಿರುಗಿ ನೋಡಿದರು. ದೊಟೊನೂ ಹಿಂದೆ ತಿರುಗಿ ನೋಡಿದ. ಅಲ್ಲಿ ಯಾರೂ ಇರಲಿಲ್ಲ. ಮುಂದಿದ್ದವನು ಅವನ ತೋಳು ಹಿಡಿದು ಮುಂದಕ್ಕೆ ಎಳೆದ. ಸಾಲಿನ ಉದ್ದಕ್ಕೂ ಒಬ್ಬೊಬ್ಬರೇ ಪಕ್ಕಕ್ಕೆ ಸರಿದು ದಾರಿ ಬಿಟ್ಟರು, ಅವನು ಚಿಕ್ಕ ಗೇಟಿನಿಂದಲೇ, ಎಲ್ಲರಿಗಿಂತ ಮೊದಲು ಒಳಗೆ ಹೋದ.